ಕಾವೇರಿಯಲ್ಲಿ ಗಾಳ ಬೀಸಲು ಎಂಥ ಹರಿಗೋಲು ಬೇಕು?

ನಾನು ಕೊಂಡ ಮೊದಲ ಹರಿಗೋಲು ಈಗ ನಮ್ಮ ತೋಟದಲ್ಲಿ ತೆಂಗಿನ ಸಿಪ್ಪೆ ತುಂಬುವ ಬುಟ್ಟಿಯಾಗಿದೆ. ಎಂಟಡಿ ಅಗಲದ್ದು, ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತಿಸುವವರು ಇಟ್ಟುಕೊಳ್ಳುವ ಅಳತೆ. ಮಾರಿದಾತ "ಎಂಟು ಜನ ಕೂತ್ರೂ ಅಲ್ಲಾಡಲ್ಲ ಸಾರ್" ಅಂದಿದ್ದ. ಸುಳ್ಳಲ್ಲ. ನಾನೂ ನನ್ನ ಭಾವಮೈದನೂ ಇಬ್ಬರೇ ಕೂತಾಗ ಅದು ಯಾವ ಕಡೆಗೂ ಅಲ್ಲಾಡಲಿಲ್ಲ, ನಾವು ಹೋಗಬೇಕೆಂದಿದ್ದ ಕಡೆಗೂ ಸಹ. ಹುಟ್ಟು ಹಾಕಿ ಹಾಕಿ ರಟ್ಟೆ ಬಿದ್ದುಹೋಯಿತು. ಮಧ್ಯಾಹ್ನ ದಡಕ್ಕೆ ಬಂದರೆ ಎತ್ತಿ ಮೇಲೆ ತರಲು ಕಬ್ಬು ಕಡಿಯುತ್ತಿದ್ದ ಇಬ್ಬರನ್ನು ಕೂಗಿ ಕರೆಯಬೇಕಾಯಿತು. ಅವರಲ್ಲಿ ಹಿರಿಯರೊಬ್ಬರು ಅದನ್ನು ಒಂದು ಸುತ್ತು ನೋಡಿ ಹೇಳಿದ್ದು: "ದೋಣಿ ನೋಡಕ್ ಮುಂಚೆ ನೀರ್ ನೋಡ್ಬೇಕು ಕಣ್ ಸಾಮಿ."

ಆ ಮಾತನ್ನು ಆಮೇಲೆ ನಾನು ಹಂತಹಂತವಾಗಿ ಕಲಿತೆ. ಮೈಸೂರು, ಮಂಡ್ಯ ಕಡೆ ನದಿಯಲ್ಲಿ ಗಾಳ ಹಾಕುವ ಹವ್ಯಾಸವಿದ್ದು, ಅದರಲ್ಲೂ ಫ್ಲೈ ಫಿಶಿಂಗ್, ಅಂದರೆ ಗರಿ, ದಾರ ಸುತ್ತಿದ ಹಗುರ ಕೊಕ್ಕೆಯನ್ನು ಬೀಸಿ ಎಸೆಯುವ ಗಾಳ, ಕಲಿಯುತ್ತಿದ್ದು, ಸ್ವಂತಕ್ಕೊಂದು ದೋಣಿ ಬೇಕು ಅನ್ನಿಸಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಡ್ರಿಫ್ಟ್ ಬೋಟ್ ಹುಚ್ಚು ಬಿಡಿಸಿಕೊಳ್ಳಿ

ಫ್ಲೈ ಫಿಶಿಂಗ್ ವಿಡಿಯೊ ನೋಡಿದವರಿಗೆಲ್ಲ ಈ ಹುಚ್ಚು ಹಿಡಿದೇ ಹಿಡಿಯುತ್ತದೆ, ನನಗೂ ಹಿಡಿದಿತ್ತು. ಅಮೆರಿಕದ ಒರೆಗಾನ್ ರಾಜ್ಯದ ಮೆಕೆನ್ಜಿ ನದಿಯ ಕಡೆ ರೂಪುಗೊಂಡ ದೋಣಿ ಅದು. ಉದ್ದ ಸುಮಾರು 14ರಿಂದ 16 ಅಡಿ, ತಳ ಚಪ್ಪಟೆ, ಮುಂದೂ ಹಿಂದೂ ಬಾಳೆಹಣ್ಣಿನಂತೆ ಮೇಲಕ್ಕೆ ಬಾಗಿರುತ್ತದೆ. ನೀರಿಗೆ ತಾಗುವ ಭಾಗ ಕಡಿಮೆಯಾದ್ದರಿಂದ ನಿಂತಲ್ಲೇ ತಿರುಗುತ್ತದೆ. ಹುಟ್ಟು ಹಾಕುವವನು ನಡುವೆ, ಹೊಳೆ ಹೋಗುವ ಕಡೆಗೆ ಮುಖ ಮಾಡಿ ಕೂತು, ಹರಿವಿಗೆ ಎದುರಾಗಿ ಹಿಂದಕ್ಕೆ ಎಳೆಯುತ್ತಿರುತ್ತಾನೆ. ಹಾಗಾಗಿ ನೀರಿಗಿಂತ ದೋಣಿ ನಿಧಾನವಾಗಿ ಇಳಿಯುತ್ತದೆ. ಮುಂದೊಬ್ಬ, ಹಿಂದೊಬ್ಬ ಮಂಡಿಗೆ ಆಸರೆ ಕೊಟ್ಟು ನಿಂತು ಗಾಳ ಬೀಸುತ್ತಾರೆ. ಮರ, ಅಲ್ಯೂಮಿನಿಯಂ, ಫೈಬರ್ ಮೂರರಲ್ಲೂ ಮಾಡುತ್ತಾರೆ. ಅಲ್ಯೂಮಿನಿಯಂ ಗಟ್ಟಿ, ಆದರೆ ಬಂಡೆಗೆ ತಾಗಿದರೆ ಸದ್ದು, ಮೇಲಾಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಫೈಬರ್ ಜಾರಿಕೊಂಡು ದಾಟುತ್ತದೆ.

ಚೆಂದದ ದೋಣಿಯೇ. ಆದರೆ ಅದನ್ನು ತರಲು ಟ್ರೇಲರ್ ಬೇಕು, ಇಳಿಸಲು ನೀರಿನವರೆಗೆ ಇಳಿಜಾರು ಬೇಕು, ಹತ್ತು ಮೈಲಿ ಕೆಳಗೆ ಇನ್ನೊಂದು ಗಾಡಿ ಕಾದಿರಬೇಕು, ಯಾಕೆಂದರೆ ಅದು ಒಮ್ಮುಖದ ಪ್ರಯಾಣದ ದೋಣಿ. ನಮ್ಮ ಹೊಳೆದಂಡೆಯಲ್ಲಿ ಇರುವುದು ಸ್ನಾನಘಟ್ಟದ ಮೆಟ್ಟಿಲು, ಇಲ್ಲವೇ ಕಬ್ಬಿನ ಗದ್ದೆ ದಾಟಿ ಹೋಗುವ ಕಾಲುದಾರಿ. ಜೊತೆಗೆ ಮೈಲಿಗೊಂದು ಹಳೆಯ ಕಟ್ಟೆ.

ಹರಿಗೋಲಿಗೆ ಮೊನೆಯೂ ಇಲ್ಲ, ದಿಕ್ಕೂ ಇಲ್ಲ. ಆದರೆ ಅರ್ಧ ಅಡಿ ನೀರಿದ್ದರೂ ತೇಲುತ್ತದೆ, ಬಂಡೆಗೆ ತಾಗಿದರೆ ಬಳುಕುತ್ತದೆ, ಕೆಲಸ ಮುಗಿದ ಮೇಲೆ ತಲೆ ಮೇಲೆ ಬೋರಲು ಹಾಕಿಕೊಂಡು ಕಾಲುದಾರಿಯಲ್ಲಿ ನಡೆದು ಬರಬಹುದು. ಡ್ರಿಫ್ಟ್ ಬೋಟಿನವರಿಂದ ಕಲಿಯಬೇಕಾದ ಶಿಸ್ತು ಒಂದೇ: ಹುಟ್ಟು ಹಿಡಿದವನು ಗಾಳ ಮುಟ್ಟಬಾರದು, ಗಾಳ ಹಿಡಿದವನು ಹುಟ್ಟು ಮುಟ್ಟಬಾರದು. ಒಬ್ಬರೇ ಎರಡೂ ಮಾಡುತ್ತೇನೆಂದು ಹೊರಟರೆ ಮೀನೂ ಇಲ್ಲ, ದೋಣಿಯೂ ಇಲ್ಲ.

ನೀರು ಯಾವುದು?

ಅಂಗಡಿಗೋ ಹೆಣೆಯುವವರ ಮನೆಗೋ ಹೋಗುವ ಮೊದಲು ನೀವು ಎಲ್ಲಿ ಗಾಳ ಹಾಕುತ್ತೀರಿ ಅನ್ನುವುದು ಗೊತ್ತಿರಬೇಕು. ನಮ್ಮ ಸುತ್ತಮುತ್ತ ಕಾವೇರಿ ಒಂದೇ ಹೆಸರಿನ ನಾಲ್ಕು ಹೊಳೆ.

ಕನ್ನಂಬಾಡಿ ಹಿನ್ನೀರು ಒಂದು. ಅಲ್ಲಿ ಶತ್ರು ಹರಿವಲ್ಲ, ಗಾಳಿ. ಮಧ್ಯಾಹ್ನ ಗಾಳಿ ಎದ್ದರೆ ದುಂಡನೆಯ ಹರಿಗೋಲು ಒಣ ಎಲೆ ಇದ್ದಂತೆ, ಎಲ್ಲಿಗೆ ತಳ್ಳಿದರೆ ಅಲ್ಲಿಗೆ. ಹಿನ್ನೀರಿಗೇ ಹೋಗುವವರಾದರೆ ಹರಿಗೋಲು ಬೇಡ, ಉದ್ದನೆಯ ಫೈಬರ್ ದೋಣಿ ನೋಡಿ. ಮೀನುಗಾರಿಕೆ ಇಲಾಖೆಯಿಂದ ಪರವಾನಗಿ ಪಡೆಯಿರಿ, ಬಲೆ ಬಿಟ್ಟಿರುವ ಮೀನುಗಾರರ ಜಾಗಕ್ಕೆ ನುಗ್ಗಬೇಡಿ. ಅದು ಅವರ ಹೊಟ್ಟೆಪಾಡು, ನಮ್ಮದು ಭಾನುವಾರದ ಶೋಕಿ.

ಕಟ್ಟೆಯಿಂದ ಕೆಳಗೆ ಬಲಮುರಿ, ರಂಗನತಿಟ್ಟು, ಶ್ರೀರಂಗಪಟ್ಟಣ. ರಂಗನತಿಟ್ಟು 1940ರಿಂದ ಪಕ್ಷಿಧಾಮ. ಅಲ್ಲಿ ಗಾಳದ ಮಾತೇ ಎತ್ತಬೇಡಿ. ಆ ನಡುಗಡ್ಡೆಗಳ ಬಂಡೆ ಮೇಲೆ ಬಿಸಿಲು ಕಾಯಿಸುವ ಮೊಸಳೆಗಳಿಗೆ ಪಕ್ಷಿಧಾಮದ ಗಡಿ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿಲ್ಲ ಅನ್ನುವುದೂ ನೆನಪಿರಲಿ. ಹರಿಗೋಲಿನ ಅಂಚಿನಿಂದ ಕೈಕಾಲು ಇಳಿಬಿಟ್ಟು ಕೂರುವ ಅಭ್ಯಾಸ ಬೇಡ, ದೋಣಿಯಲ್ಲೇ ಮೀನು ಕೊಯ್ದು ಕರುಳು ನೀರಿಗೆ ಎಸೆಯುವುದಂತೂ ಬೇಡವೇ ಬೇಡ.

ಗಂಜಾಂ ನಿಮಿಷಾಂಬ ದಾಟಿ, ಕಾವೇರಿಯ ಎರಡು ಕವಲು ಸಂಗಮದಲ್ಲಿ ಕೂಡಿದ ಮೇಲೆ ತಿರುಮಕೂಡಲು ನರಸೀಪುರದ ಕಡೆಗೆ ಸಾಗುವ ಹೊಳೆ ನನ್ನ ಮೆಚ್ಚಿನದು. ಅಗಲ, ಅಲ್ಲಲ್ಲಿ ಮಡು, ಅಲ್ಲಲ್ಲಿ ಮೊಣಕಾಲುದ್ದದ ಕಲ್ಲುಹಾಸು. ಹರಿಗೋಲು ಹುಟ್ಟಿದ್ದೇ ಇಂಥ ನೀರಿಗಾಗಿ. ಈ ಲೇಖನದಲ್ಲಿ ಮುಂದೆ ಹೇಳುವ ಅಳತೆಗಳೆಲ್ಲ ಈ ಹೊಳೆಗೆ. ಆದರೆ ದಾರಿಯಲ್ಲಿ ಬರುವ ಹಳೆಯ ಅಣೆಕಟ್ಟೆಗಳನ್ನು ಮುಂಚೆಯೇ ತಿಳಿದುಕೊಂಡಿರಬೇಕು. ಮೇಲಿನಿಂದ ನೋಡಿದರೆ ಅವು ನೀರಿನ ಮೇಲೆ ಎಳೆದ ಒಂದು ಗೆರೆಯಂತೆ ಕಾಣುತ್ತವೆ, ಅಷ್ಟೇ. ಗೆರೆಯ ಕೆಳಗೆ ಬೀಳುವ ನೀರು ಮತ್ತೆ ಕಟ್ಟೆಯ ಕಡೆಗೇ ಸುತ್ತಿಕೊಂಡು ಬಂದು ಬಿದ್ದದ್ದನ್ನು ಅಲ್ಲೇ ಹೊರಳಿಸುತ್ತದೆ. ನೂರು ಮಾರು ಮೊದಲೇ ದಡಕ್ಕೆ ಬಂದು, ಹರಿಗೋಲು ಹೊತ್ತು, ಸುತ್ತು ಹಾಕಿ ದಾಟಿ.

ನಾಲ್ಕನೆಯದು ಶಿವನಸಮುದ್ರದ ಕೆಳಗೆ, ಮುತ್ತತ್ತಿ, ಭೀಮೇಶ್ವರಿ. ಬಿಳಿಮೀನಿನ, ಅಂದರೆ ಮಹಶೀರ್‌ನ ಹೆಸರು ಕೇಳಿದವರೆಲ್ಲ ಅಲ್ಲಿಗೇ ಹೋಗಬೇಕೆನ್ನುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಹತ್ತಿರಹತ್ತಿರ 54 ಕಿಲೊ ಇತ್ತೆಂಬ ಕಥೆ ಗಾಳದವರ ಬಾಯಲ್ಲಿ ಇವತ್ತಿಗೂ ಇದೆ. ಆದರೆ ಈಗ ಮುತ್ತತ್ತಿಯ ಸುತ್ತಿನ ಹೊಳೆ ಕಾವೇರಿ ವನ್ಯಜೀವಿಧಾಮದೊಳಗಿದೆ, ಅಲ್ಲಿ ಗಾಳ ಹಾಕುವಂತಿಲ್ಲ. ನಮ್ಮ ಕಾವೇರಿಯ ಡುಬ್ಬದ ಮಹಶೀರ್ 2018ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಅದೂ ಅಲ್ಲದೆ ಅದು ಸುಳಿಯ ಹೊಳೆ. ಸೀತಮ್ಮ ಕಳೆದುಕೊಂಡ ಮೂಗುತಿಯನ್ನು ಆಂಜನೇಯ ಬಾಲದಲ್ಲಿ ತಡಕಿ ತೆಗೆದ ಜಾಗ ಅನ್ನುತ್ತಾರೆ ಮುತ್ತತ್ತಿಯನ್ನು. ಅಂಥ ಬಾಲ ಇಲ್ಲದವರು ದಡದಲ್ಲೇ ಕೈಮುಗಿದು ವಾಪಸಾಗುವುದು ಒಳ್ಳೆಯದು.

ಇನ್ನು ನಾಲೆ. ವಿಶ್ವೇಶ್ವರಯ್ಯ ನಾಲೆಯಾಗಲಿ, ಬೇರೆ ಯಾವ ದೊಡ್ಡ ನಾಲೆಯಾಗಲಿ, ದೋಣಿ ಇಳಿಸಬೇಡಿ. ನೋಡಲು ಸಾಧುವಾಗಿ ಕಾಣುತ್ತದೆ, ಆದರೆ ಬಹಳ ಕಡೆ ಬದಿಗೆ ಕಾಂಕ್ರೀಟ್, ಪಾಚಿ, ಹಿಡಿದು ಹತ್ತಲು ಒಂದು ಬೇರೂ ಇಲ್ಲ.

ಅಗಲ ಎಷ್ಟು?

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಮಾರುವವರ ಮಾತಿಗಿಂತ ಲೆಕ್ಕ ನಂಬಿಕೆಯದು. ಐದಡಿ ಅಗಲದ ಹರಿಗೋಲು ಒಂದು ಅಂಗುಲ ಮುಳುಗಬೇಕಾದರೆ ಸುಮಾರು 46 ಕಿಲೊ ಭಾರ ಬೇಕು. ಆರಡಿಯದಕ್ಕೆ ಸುಮಾರು 67 ಕಿಲೊ. ಎಂಟಡಿಯದಕ್ಕೆ ಹತ್ತಿರಹತ್ತಿರ 120. ಇದು ತಳ ಪೂರ್ತಿ ಚಪ್ಪಟೆಯಿದ್ದರೆ. ನಿಜವಾಗಿ ತಳ ಬಾಣಲೆಯಂತೆ ದುಂಡಗಿರುವುದರಿಂದ ಇನ್ನೂ ಒಂದೆರಡು ಅಂಗುಲ ಹೆಚ್ಚೇ ಮುಳುಗುತ್ತದೆ ಅಂದುಕೊಳ್ಳಿ.

ಇಬ್ಬರು ಆಳು, ಬುತ್ತಿ, ನೀರಿನ ಕ್ಯಾನು, ಗಾಳದ ಸಾಮಾನು ಸೇರಿ 160 ಕಿಲೊ. ಆರಡಿಯ ಹರಿಗೋಲು ನಾಲ್ಕೈದು ಅಂಗುಲ ಕೂರುತ್ತದೆ. ಒಂದೂವರೆ ಅಡಿ ಆಳದ ಹರಿಗೋಲಾದರೆ ನೀರಿನ ಮೇಲೆ ಒಂದಡಿ ಅಂಚು ಉಳಿಯುತ್ತದೆ. ಆ ಒಂದಡಿಯೇ ನಿಮ್ಮ ವಿಮೆ, ಅದಕ್ಕಿಂತ ಕಡಿಮೆ ಆಗುವಂತೆ ಜನ ತುಂಬಬೇಡಿ. ಐದಡಿಯದು ಒಬ್ಬನೇ ಬಲೆ ಬಿಡಲು ಸಾಕು, ಇಬ್ಬರಿಗೆ ಸಾಲದು. ಅದರಲ್ಲಿ ಒಬ್ಬ ತಿರುಗಿ ಕೂತರೆ ಇನ್ನೊಬ್ಬನ ಎದೆ ಝಲ್ ಅನ್ನುತ್ತದೆ. ಎಂಟಡಿಯ ಕಥೆ ಮೇಲೆಯೇ ಹೇಳಿದ್ದೇನೆ.

ಆರು, ಅಥವಾ ಆರೂಕಾಲು ಅಡಿ. ಮೈಕಟ್ಟು ದೊಡ್ಡದಾದವರು ಆರೂವರೆಯವರೆಗೆ ಹೋಗಬಹುದು. ಒಬ್ಬರೇ ಅದನ್ನು ಎತ್ತಿ ಬೆನ್ನಿಗೇರಿಸಿಕೊಂಡು ನೂರು ಹೆಜ್ಜೆ ನಡೆಯಲಾದರೆ ಅಳತೆ ಸರಿ, ಆಗದಿದ್ದರೆ ಅಂಥದ್ದನ್ನು ಕೊಳ್ಳಬೇಡಿ.

ಬಿದಿರೋ, ಫೈಬರೋ, ಗಾಳಿ ತುಂಬುವುದೋ?

ಗಾಳಿ ತುಂಬುವ ರಬ್ಬರ್ ದೋಣಿ ಸ್ಕೂಟರಿನಲ್ಲೇ ಬರುತ್ತದೆ, ನಿಜ. ಆದರೆ ನಮ್ಮ ಹೊಳೆದಂಡೆಯ ತುಂಬ ಜಾಲಿ ಮುಳ್ಳು. ನನ್ನ ಗೆಳೆಯರೊಬ್ಬರದು ಮೊದಲ ದಿನವೇ ಮಧ್ಯಹೊಳೆಯಲ್ಲಿ ಉಸ್ ಅನ್ನತೊಡಗಿ, ಅವರು ಪಾಪ ಬೆರಳಿಟ್ಟುಕೊಂಡು ದಡ ಸೇರಿದರು.

ಫೈಬರ್ ಹರಿಗೋಲಿಗೆ ಬಾಳಿಕೆ ಹೆಚ್ಚು, ವರ್ಷವರ್ಷ ಟಾರು ಬಳಿಯುವ ತಾಪತ್ರಯವಿಲ್ಲ. ಬಾಡಿಗೆಗೆ ಓಡಿಸುವವರು ಇತ್ತೀಚೆಗೆ ಇದಕ್ಕೇ ಒಲಿದಿದ್ದಾರೆ. ನನ್ನ ದೂರು ಎರಡು: ಒದ್ದೆಯಾದರೆ ತಳ ಸೋಪಿನಂತೆ ಜಾರುತ್ತದೆ, ಮತ್ತೆ ಬಂಡೆಗೆ ತಾಗಿದರೆ ಬಳುಕದೆ ಢಣ್ ಅನ್ನುತ್ತದೆ. ಆ ಮಡುವಿನ ಮೀನು ಅರ್ಧ ಗಂಟೆ ಮೇಲೆ ಬರುವುದಿಲ್ಲ. ತಗೊಳ್ಳುವುದೇ ಆದರೆ ಒಳತಳಕ್ಕೆ ತೆಂಗಿನ ನಾರಿನ ಚಾಪೆಯನ್ನೂ ಸೇರಿಸಿ ತಗೊಳ್ಳಿ.

ಬಿದಿರಿನದನ್ನು ಒಂದೆರಡು ವರ್ಷಕ್ಕೊಮ್ಮೆ ಬದಲಿಸಬೇಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡರೆ, ನನ್ನ ಓಟು ಅದಕ್ಕೇ.

ಬಿದಿರಿನದನ್ನು ಪರೀಕ್ಷಿಸುವುದು

ಹಿಂದೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲ ಅಥವಾ ಟಾರ್ಪಾಲು ಹೊದಿಸಿ ಮೇಲೆ ಟಾರು ಬಳಿಯುತ್ತಾರೆ. ಟಾರು ಎಲ್ಲವನ್ನೂ ಮುಚ್ಚಿಬಿಡುವುದರಿಂದ ಕೊಳ್ಳುವವನು ಮೊದಲು ಒಳಗಿನಿಂದ ನೋಡಬೇಕು.

ಬೆಳಗ್ಗೆ ಬಿಸಿಲಿರುವ ಹೊತ್ತಿಗೆ ಹೋಗಿ. ಹರಿಗೋಲನ್ನು ಬೋರಲು ಎತ್ತಿ ಹಿಡಿಯಲು ಇಬ್ಬರಿಗೆ ಹೇಳಿ, ನೀವು ಅದರೊಳಗೆ ತಲೆ ತೂರಿಸಿ ನಿಲ್ಲಿ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಅರ್ಧ ನಿಮಿಷ ಬಿಡಿ. ಟಾರು ತೆಳುವಾದ ಕಡೆ, ಹೊಲಿಗೆ ಬಿಟ್ಟ ಕಡೆ ಸೂಜಿಮೊನೆಯಷ್ಟು ಬೆಳಕು ಚುಕ್ಕಿಚುಕ್ಕಿಯಾಗಿ ಕಾಣುತ್ತದೆ. ನನ್ನ ಎರಡನೆಯ ಹರಿಗೋಲನ್ನು ಕೊಳ್ಳುವಾಗ ಹೀಗೆ ನಿಂತು ಏಳು ಚುಕ್ಕಿ ಎಣಿಸಿ ಹೊರಬಂದೆ. ಹೆಣೆದ ಯಜಮಾನರು ನಕ್ಕು, "ನಕ್ಷತ್ರ ಎಣ್ಸಿದ್ರಾ?" ಅಂದವರೇ ಟಾರಿನ ಡಬ್ಬ ಒಲೆ ಮೇಲಿಟ್ಟರು. ಚುಕ್ಕಿ ಇರುವುದು ತಪ್ಪಲ್ಲ, ಅದನ್ನು ಕಣ್ಣೆದುರೇ ಮುಚ್ಚಿಸಿಕೊಳ್ಳಬೇಕು, ಅಷ್ಟೇ.

ಆಮೇಲೆ ಹೆಣಿಗೆ. ದಬ್ಬೆಗಳು ನಿಮ್ಮ ಅಂಗೈ ಅಗಲಕ್ಕಿಂತ ದೂರದೂರ ಇದ್ದರೆ ಬಂಡೆಯ ಮೊನೆ ನಡುವಿನ ಹೊದಿಕೆಯನ್ನೇ ಹರಿಯುತ್ತದೆ. ದಬ್ಬೆಯ ಸಿಪ್ಪೆ ಇರುವ ಮೈ, ಅಂದರೆ ಹೊಳಪಿನ ಮೈ, ಹೊರಗೆ ಇರಬೇಕು. ಗಂಟು ಬಂದ ಕಡೆ ಕೆತ್ತಿ ನಯ ಮಾಡಿರದಿದ್ದರೆ ಆ ಗಂಟೇ ಮುಂದೆ ತೂತಿಗೆ ದಾರಿ. ಬೆರಳಲ್ಲಿ ದಬ್ಬೆ ಬಡಿದು ನೋಡಿ: ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದು ಮಂಕಾಗಿ ಸದ್ದು ಕೊಡುತ್ತದೆ. ಹಸಿ ಬಿದಿರು ಒಣಗಿದಂತೆ ಕುಗ್ಗಿ ಕಟ್ಟು ಸಡಿಲವಾಗುತ್ತದೆ. ಕೆಳಗೆ ನೆಲದ ಮೇಲೆ ಹಳದಿ ಹಿಟ್ಟು ಉದುರಿದ್ದರೆ ಕುಟ್ಟೆ ಹುಳು ಹಿಡಿದಿದೆ, ಬೆಲೆ ಎಷ್ಟೇ ಇಳಿಸಿದರೂ ಬೇಡ.

ಬಾಯಿ ಅಂಚನ್ನು ಎರಡು ಕೈಯಲ್ಲಿ ಹಿಡಿದು ಒಳಕ್ಕೆ ಒತ್ತಿ ಬಿಡಿ. ಬಿಟ್ಟ ಕೂಡಲೇ ತನ್ನ ದುಂಡಿಗೆ ಬರಬೇಕು. ಒತ್ತಿದಲ್ಲೇ ಮೊಟ್ಟೆಯಾಕಾರಕ್ಕೆ ನಿಂತುಬಿಟ್ಟರೆ ಅಂಚಿನ ಕಟ್ಟು ಸತ್ತಿದೆ. ಹೊರಗಿನ ಟಾರನ್ನು ಹೆಬ್ಬೆರಳಲ್ಲಿ ಒತ್ತಿ: ಗುರುತು ಬಿದ್ದು ಬೆರಳಿಗೆ ಅಂಟಿದರೆ ಇನ್ನೂ ಎಂಟು ದಿನ ಒಣಗಲಿ ಅನ್ನಿ.

ಗಾಳ ಬೀಸುವವರಿಗೆಂದೇ ಮಾಡಿಸಿಕೊಳ್ಳಬೇಕಾದದ್ದು

ಇದು ಹೆಣೆಯುವವರಿಗೂ ಹೊಸದು, ಬಿಡಿಸಿ ಹೇಳಬೇಕು. ಎರೆಹುಳುವೋ ರಾಗಿ ಹಿಟ್ಟಿನ ಉಂಡೆಯೋ ಸಿಕ್ಕಿಸಿ ಬಿಡುವ ಗಾಳಕ್ಕೆ ಈ ಉಸಾಬರಿ ಇಲ್ಲ. ಫ್ಲೈ ಅಂದರೆ ಗರಿ, ದಾರ ಸುತ್ತಿದ, ತೂಕವೇ ಇಲ್ಲದ ಕೊಕ್ಕೆ. ಅದನ್ನು ದೂರ ಒಯ್ಯುವುದು ದಪ್ಪನೆಯ ದಾರದ ತೂಕ. ಹಾಗಾಗಿ ಪ್ರತಿ ಬೀಸಿಗೂ ಮಾರುಗಟ್ಟಲೆ ದಾರ ನಿಮ್ಮ ಕಾಲಬುಡದಲ್ಲಿ ಸುರುಳಿಯಾಗಿ ಬಿದ್ದಿರುತ್ತದೆ. ಬಿದಿರಿನ ಹೆಣಿಗೆ ಅಂಥ ದಾರವನ್ನು ಕಂಡರೆ ಬಿಡುವುದಿಲ್ಲ, ಪ್ರತಿ ದಬ್ಬೆಯ ತುದಿಯೂ ಒಂದು ಬೆರಳು. ಒಳಗೆ ಪೂರ್ತಿ ಒಂದು ತೆಳು ಟಾರ್ಪಾಲು ಹಾಸಿ ಅಂಚಿಗೆ ಹೊಲಿಸಿಬಿಡಿ. ಅಂಚಿನ ಮೇಲೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಸುತ್ತಿಸಿ. ಏಪ್ರಿಲ್ ಬಿಸಿಲಿಗೆ ಅಂಚಿನ ಟಾರು ಕರಗಿ ದಾರಕ್ಕೆ ಹತ್ತಿದರೆ ಆ ದಾರ ಮತ್ತೆ ಕೆಲಸಕ್ಕೆ ಬಾರದು, ಬೆಲೆಯೋ ಕಣ್ಣಲ್ಲಿ ನೀರು ತರಿಸುವಂಥದ್ದು.

ನಿಲ್ಲುವ ಆಸೆ ಬಿಡಿ. ಡ್ರಿಫ್ಟ್ ಬೋಟಿನವರು ನಿಲ್ಲುತ್ತಾರೆ, ಹರಿಗೋಲಿನಲ್ಲಿ ನಿಂತವನು ಬೀಳುತ್ತಾನೆ. ಅಡ್ಡಕ್ಕೆ ಒಂದು ಹಲಗೆ ಕಟ್ಟಿಸಿ, ತಳದಿಂದ ಒಂಬತ್ತು ಅಂಗುಲಕ್ಕಿಂತ ಎತ್ತರ ಬೇಡ. ಎತ್ತರ ಕೂತಷ್ಟೂ ಹರಿಗೋಲು ತೂಗುತ್ತದೆ. ಅಷ್ಟು ತಗ್ಗಿನಲ್ಲಿ ಕೂತು ಹಿಂದಕ್ಕೆ ಬೀಸಿದರೆ ದಾರ ನೀರಿಗೆ ತಾಗುತ್ತದೆ, ಇಲ್ಲವೇ ಹುಟ್ಟು ಹಾಕುವವನ ಕಿವಿಗೆ. ಹಿಂದಕ್ಕೆ ಬೀಸದೆ ದಾರವನ್ನು ಮುಂದಕ್ಕೆ ಉರುಳಿಸಿ ಎಸೆಯುವ ಪಟ್ಟು ಕಲಿತು ಹೋಗಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿಹಾಕಿ, ಇಬ್ಬರೂ ಕನ್ನಡಕ, ಟೋಪಿ ಹಾಕಿಕೊಳ್ಳಿ. ಗೆಂಡೆ, ಜಿಲೇಬಿ ಮೀನುಗಳಿಗೆ ದೂರ ಬೀಸುವ ಅಗತ್ಯವೂ ಇಲ್ಲ. ಬಿಳಿಮೀನು ಅಪ್ಪಿತಪ್ಪಿ ಸಿಕ್ಕರೆ ನೀರಿನಿಂದ ಮೇಲೆತ್ತದೆ, ಫೋಟೋ ಹುಚ್ಚಿಗೆ ಬೀಳದೆ, ಅಲ್ಲೇ ಕೊಕ್ಕೆ ಬಿಡಿಸಿ ಬಿಟ್ಟುಬಿಡಿ.

ಹರಿಗೋಲು ಗಿರಗಿರ ತಿರುಗುವುದೇ ಹೊಸಬರ ದೊಡ್ಡ ದೂರು. ಒಂದೇ ಬದಿಯಲ್ಲಿ ಹುಟ್ಟು ಹಾಕಿದರೆ ತಿರುಗದೆ ಇನ್ನೇನು ಮಾಡುತ್ತದೆ? ಹುಟ್ಟು ಹಾಕುವವನು ಹೋಗಬೇಕಾದ ಕಡೆಯ ಅಂಚಿಗೆ ಮಂಡಿಯೂರಿ ಕೂತು, ಮುಂದಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು, 8ನ್ನು ಅಡ್ಡ ಮಲಗಿಸಿ ಬರೆದಂತೆ. ಹುಟ್ಟು ನೆಲಕ್ಕೂರಿದರೆ ನಿಮ್ಮ ಎದೆಮಟ್ಟಕ್ಕೆ ಬರಲಿ, ಒಂದೇ ಮರದ್ದಾಗಿರಲಿ. ಎರಡನೆಯ ಹುಟ್ಟು ಇಲ್ಲದೆ ನೀರಿಗೆ ಇಳಿಯಬೇಡಿ.

ಹಗ್ಗ, ಕಲ್ಲು, ಜಾಕೆಟ್

ಹರಿಯುವ ನೀರಿನಲ್ಲಿ ಅಂಚಿಗೆ ಹಗ್ಗ ಕಟ್ಟಿ ಕಲ್ಲು ಇಳಿಬಿಡಬೇಡಿ. ಹರಿವು ತಳ್ಳುತ್ತದೆ, ಹಗ್ಗ ಎಳೆಯುತ್ತದೆ, ಆ ಬದಿಯ ಅಂಚು ಬಗ್ಗಿ ನೀರು ಕುಡಿಯುತ್ತದೆ. ಇದಕ್ಕೆ ಹತ್ತು ಎಣಿಸುವಷ್ಟು ಹೊತ್ತೂ ಬೇಡ. ನಿಲ್ಲಬೇಕೆಂದರೆ ಬಂಡೆಯ ಹಿಂದಿನ ನಿಂತ ನೀರಿಗೆ ಸೇರಿಕೊಂಡು ಬಂಡೆಯನ್ನೇ ಕೈಯಲ್ಲಿ ಹಿಡಿಯಿರಿ. ಮೀನೂ ಅಲ್ಲೇ ಇರುತ್ತದೆ.

ಲೈಫ್ ಜಾಕೆಟ್ ಇಬ್ಬರಿಗೂ, ಗುಂಡಿ ಹಾಕಿಕೊಂಡು. ಸೊಂಟದಲ್ಲಿ ಒಂದು ಚಾಕು. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ನಾಲ್ಕು ಹಲಗೆಯ ಕೆಳಗೆ ಕಟ್ಟಿಟ್ಟರೆ ಮಗುಚಿದಾಗ ಹಿಡಿದುಕೊಳ್ಳಲು ಆಗುತ್ತದೆ.

ಅಣೆಕಟ್ಟೆಯ ನೀರಿನ ಮಟ್ಟ, ಬಿಡುವ ನೀರಿನ ಕ್ಯೂಸೆಕ್ ಲೆಕ್ಕ ಮಂಡ್ಯದ ಮಕ್ಕಳಿಗೂ ಬಾಯಿಪಾಠ, ಅದನ್ನು ಇಲ್ಲೂ ಬಳಸಿ. ಕನ್ನಂಬಾಡಿ ತುಂಬುವ ಮಟ್ಟವಾದ 124.80 ಅಡಿಗೆ ಹತ್ತಿರವಾಗಿ ಮೇಲೆ ಕೊಡಗಿನಲ್ಲಿ ಮಳೆ ಇದ್ದರೆ ಹರಿಗೋಲು ಮನೆಯಲ್ಲೇ ಇರಲಿ. ಉಳಿದ ದಿನಗಳಲ್ಲೂ ಇಳಿಯುವ ಮೊದಲು ನೀರಂಚಿನಲ್ಲಿ ಒಂದು ಕಡ್ಡಿ ನೆಡಿ. ಅದು ನಾಲ್ಕು ಬೆರಳು ಮುಳುಗಿದ್ದು ಕಂಡರೆ ಮೀನು ಕಚ್ಚುತ್ತಿದ್ದರೂ ಎದ್ದು ಬನ್ನಿ. ಮಳೆಗಾಲ ಕಳೆದು ನೀರು ತಿಳಿಯಾಗುವ ದೀಪಾವಳಿಯಿಂದ ಸಂಕ್ರಾಂತಿ ಆಸುಪಾಸಿನವರೆಗೆ, ಬೆಳಗ್ಗೆ ಹತ್ತು ಗಂಟೆಯೊಳಗೆ, ನನಗೆ ಒಗ್ಗಿದ ಹೊತ್ತು.

ದುಡ್ಡು ಕೊಡುವ ಮುಂಚೆ, ಮನೆಗೆ ತಂದ ಮೇಲೆ

ಪೂರ್ತಿ ದುಡ್ಡು ಕೊಡುವ ಮುಂಚೆ ಮೊಣಕಾಲುದ್ದದ ನೀರಿನಲ್ಲಿ ಒಂದು ಗಂಟೆ ಇಟ್ಟು ನೋಡಿ. ಒಳಗೆ ಎರಡು ಮೂಟೆ ಮರಳು ಹಾಕಿ, ದಡದಲ್ಲಿ ಕೂತು ಟೀ ಕುಡಿಯಿರಿ. ತಳ ಸ್ವಲ್ಪ ಬೆವರಿದರೆ ಪರವಾಗಿಲ್ಲ, ಲೋಟದಲ್ಲಿ ಮೊಗೆಯುವಷ್ಟು ನೀರು ನಿಂತರೆ ಟಾರು ಇನ್ನೊಂದು ಕೈ ಬೇಕು. ಹಾಗೇ ಒಂದು ಕಿಲೊ ಟಾರನ್ನೂ ಒಂದು ಚೂರು ಹೊದಿಕೆಯನ್ನೂ ಅವರಿಂದಲೇ ಕೇಳಿ ತಂದಿಟ್ಟುಕೊಳ್ಳಿ, ಮೊದಲ ತೂತು ತಿಂಗಳೊಳಗೆ ಬಿದ್ದೇ ಬೀಳುತ್ತದೆ.

ಮನೆಗೆ ತಂದ ಮೇಲೆ ಬಿಸಿಲಿಗೆ ಬಿಡಬೇಡಿ, ಗೋಡೆಗೆ ಒರಗಿಸಬೇಡಿ, ದುಂಡು ಕೆಡುತ್ತದೆ. ಹೊಂಗೆ ಮರದ ನೆರಳಲ್ಲಿ ಮೂರು ಕಲ್ಲಿನ ಮೇಲೆ ಬೋರಲು ಹಾಕಿ, ಗೆದ್ದಲು ಹತ್ತದಂತೆ ನೆಲದಿಂದ ಗೇಣುದ್ದ ಮೇಲಿರಲಿ. ಮತ್ತೆ ಹೊಳೆಗೆ ಹೊರಡುವ ಬೆಳಗ್ಗೆ ಅದನ್ನು ಎತ್ತುವ ಮುಂಚೆ ಹುಟ್ಟಿನಿಂದ ಎರಡೇಟು ಬಡಿದು, ಒಂದು ನಿಮಿಷ ದೂರ ನಿಲ್ಲಿ. ಆ ತಂಪಿಗೆ ರಾತ್ರಿ ಯಾರು ಬಂದು ಮಲಗಿದ್ದಾರೋ, ಅವರು ಮೊದಲು ಹೊರಟುಹೋಗಲಿ.